ತೋಟದಲ್ಲಿ ಕಟ್ಟಿದ ಕರಿ ಸೀರೆ

ಉತ್ತಮಪಾಳಯಂ ಬಸ್ ಸ್ಟ್ಯಾಂಡಿನ ಎದುರು, ಬಾಳೆಕಾಯಿ ಮಂಡಿಗೆ ತಿರುಗುವ ಮೂಲೆಯಲ್ಲಿ, ಪೊಂಗಲಿಗೆ ಮುಂಚೆ ಒಂದು ಫ್ಲೆಕ್ಸ್ ಕಟ್ಟಿದ್ದರು. ಟೌನ್ ಬಸ್ಸಿನಿಂದ ಇಳಿದು, ಕೈಚೀಲ ಸರಿಮಾಡಿಕೊಂಡು ತಲೆ ಎತ್ತಿದರೆ ನಮ್ಮ ದೊಡ್ಡ ತಾತ. ಪಟ್ಟಾಳದ, ಅಂದರೆ ಸೈನ್ಯದ ಟೋಪಿ, ತಿರುಚಿದ ಮೀಸೆ. ಮೀಸೆ ತಾತನದಲ್ಲ, ಕಂಪ್ಯೂಟರಿನವರು ಇಟ್ಟದ್ದು. ತಾತ ಬದುಕಿದ್ದಷ್ಟು ಕಾಲವೂ ಮೀಸೆ ಬೋಳಿಸುತ್ತಿದ್ದವರು. ಪಕ್ಕದಲ್ಲಿ ಹಳದಿ ಕೂದಲಿನ ಒಬ್ಬ ಬಿಳಿ ಹುಡುಗಿ, ತುಟಿಗೆ ಬಣ್ಣ, ತಲೆಗೆ ಹೂವಿನ ಟೋಪಿ. ಕೆಳಗೆ ತಮಿಳಿನಲ್ಲಿ, ಶತ್ರುವಿನ ಸೆರೆಮನೆ ಒಡೆದು ಬಂದ ವೀರ, ಕಡಲಾಚೆಯ ಸುಂದರಿಯ ಮನಸ್ಸು ಗೆದ್ದ ಧೀರ ಎಂದೆಲ್ಲ ಬರೆದಿತ್ತು. ಇನ್ನೂ ಕೆಳಗೆ ಮೊಮ್ಮಗನೂ ಮರಿಮಕ್ಕಳೂ ಕೈಮುಗಿದು ನಿಂತ ಸಾಲು. ಮೊಮ್ಮಗ ದಿಂಡಿಗಲ್ಲಿನಲ್ಲಿ ಬೀಗದ ಅಂಗಡಿ ಇಟ್ಟವನು, ನನಗೆ ವರಸೆಯಲ್ಲಿ ತಮ್ಮ.

ಆ ಹುಡುಗಿ ಯಾರೋ ನನಗೆ ಗೊತ್ತಿಲ್ಲ. ಮೊಬೈಲಿನಲ್ಲಿ ಎಲ್ಲಿಂದಲೋ ತೆಗೆದಿರಬೇಕು. ಅಂಥವಳೊಬ್ಬಳು ತಾತನ ಬಾಳಿನಲ್ಲಿ ಇರಲಿಲ್ಲ. ಇದ್ದವಳು ಒಬ್ಬ ಮುದುಕಿ. ಮುಂದಿನ ಹಲ್ಲು ಹೋದವಳು, ಗಂಡ ಸತ್ತವಳು, ಕರಿ ಬಟ್ಟೆ ಬಿಟ್ಟು ಬೇರೆ ಉಡದವಳು. ಅವಳ ವಿಷಯ ತಿಳಿದವರಲ್ಲಿ ಈಗ ಉಳಿದಿರುವುದು ನಾನೊಬ್ಬಳೇ. ಇದನ್ನು ಯಾರಿಗೂ ಹೇಳಬಾರದೆಂದು ಮಾತು ಕೊಟ್ಟಿದ್ದೇನೆ. ಆದ್ದರಿಂದ ಇಲ್ಲಿ ಯಾರ ಹೆಸರನ್ನೂ ಹಾಕಿಲ್ಲ. ತಾತನ ಮೊಮ್ಮಕ್ಕಳ ಕೈಗೆ ಈ ಕಾಗದ ಸಿಕ್ಕರೂ ಅವರಿಗೆ ಓದಲು ಬರುವುದಿಲ್ಲ. ನಮ್ಮ ಕಡೆ ಮನೆಯಲ್ಲಿ ಆಡುವುದು ಹಕಾರ ನುಂಗಿದ ಕನ್ನಡ, ಓದುವುದು ತಮಿಳು. ನಾನು ಮದುವೆಯಾಗಿ ಕೊಳ್ಳೇಗಾಲದಲ್ಲಿ ಕೆಲವು ವರ್ಷ ಇದ್ದುದರಿಂದ ಅಕ್ಷರ ಕಲಿತೆ.

ದೊಡ್ಡ ತಾತ ಎಂದರೆ ನನ್ನ ತಾತನ ಅಣ್ಣ. ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಆ ಬದಿಯಲ್ಲಿ ಒಗ್ಗರಣೆ ಹಾಕಿದರೆ ಈ ಬದಿಯಲ್ಲಿ ಕೆಮ್ಮು ಬರುತ್ತಿತ್ತು. ಓಡೈಪಟ್ಟಿ ದಾರಿಯಲ್ಲಿ ಅವರಿಗೆ ದ್ರಾಕ್ಷಿ ತೋಟ. ಬೆಳಗ್ಗೆ ಹೋದರೆ ಹೊತ್ತು ಇಳಿದ ಮೇಲೆ ಬರುವವರು. ಗಂಡ ಕಂಬಂನಲ್ಲಿ ಪಾತ್ರೆ ಅಂಗಡಿ ಇಟ್ಟ ಮೇಲೆ ನಾನು ತವರಿನ ಪಕ್ಕಕ್ಕೇ ಬಂದೆ. ಆಗಿನಿಂದ ತಾತನಿಗೆ ಮಧ್ಯಾಹ್ನದ ಊಟ ಒಯ್ಯುವ ಕೆಲಸ ನನ್ನ ಪಾಲಿಗೆ ಬಂತು. ದೊಡ್ಡಜ್ಜಿ, ಅಂದರೆ ಅವರ ಹೆಂಡತಿ, ಗಂಡನಿಗೆ ಅಡುಗೆ ಮಾಡುತ್ತಿದ್ದರು, ಆದರೆ ಅವರ ಮುಂದೆ ಇಡುತ್ತಿರಲಿಲ್ಲ.

"ಕೊಂಡೋಗಿ ಕೊಡು ತಾಯಿ. ಉಪ್ಪು ಸಾಲ್ದು ಅಂದ್ರೆ ಆ ದೇಸದಿಂದ ತರಿಸ್ಕೊಳ್ಳಕ್ಕೆ ಏಳು."

ಇದು ದಿನದ ಮಾತು. ನಾನು ಹೋಗಿ ಹೇಳುತ್ತಿರಲಿಲ್ಲ. ಆದರೂ ತಾತ ಡಬ್ಬಿಯ ಮುಚ್ಚಳ ತೆಗೆಯುತ್ತಾ, "ಇವತ್ತು ಏನ್ ಏಳಿದ್ಲು?" ಎಂದು ಕೇಳುತ್ತಿದ್ದರು. "ಏನೂ ಇಲ್ಲ ತಾತ" ಎಂದರೆ, "ಒಡಂಬು ಸರಿ ಇಲ್ವಾ ಅವ್ಳಿಗೆ?" ಎನ್ನುತ್ತಿದ್ದರು.

ಅವರ ಕೆಲವು ರೀತಿಗಳು ಊರಿಗೆ ಹಿಡಿಸುತ್ತಿರಲಿಲ್ಲ. ತೋಟಕ್ಕೆ ಯಾರು ಬಂದು ನೀರು ಕೇಳಿದರೂ, ಬಳ್ಳಿ ಸವರುವ ಕೂಲಿಯವರಿರಲಿ, ಗೂಡಲೂರಿನ ಕಡೆಯಿಂದ ಮೇಕೆ ಹೊಡೆದುಕೊಂಡು ಬಂದವರಿರಲಿ, ಚೊಂಬನ್ನೇ ಅವರ ಕೈಗೆ ಕೊಡುತ್ತಿದ್ದರು. ಮೇಲಿನಿಂದ ಬೊಗಸೆಗೆ ಹೊಯ್ಯುವುದು ಅವರಲ್ಲಿ ಇರಲಿಲ್ಲ. ಬಂದವರೇ ಸಂಕೋಚದಿಂದ ಕೈ ಒಡ್ಡಿದರೆ, ಕೈ ಬಿಡಿಸಿ ಚೊಂಬು ಹಿಡಿಸುತ್ತಿದ್ದರು. ಪಕ್ಕದ ತೋಟದ ಮಾವ ಒಮ್ಮೆ ಕೇಳಿದ: "ಯಾಕ್ ಬಾವಾ, ಚೊಂಬು ಇತ್ತಾಳೇದು, ತೊಳೆದ್ರೆ ಓಗ್ತದೆ ಅಂತಾನಾ?" ತಾತ, "ಕುಡ್ದೋರ್ ಬಾಯಿ ತೊಳೆದದ್ದು ತಾನೆ, ಮತ್ತೆ ಚೊಂಬು ನಾನ್ಯಾಕೆ ತೊಳೀಲಿ" ಎಂದರು. ಆ ಮಾವ ಆಮೇಲೆ ತಾತನ ತೋಟದಲ್ಲಿ ನೀರು ಕುಡಿಯುವುದನ್ನು ಬಿಟ್ಟ.

ಇನ್ನೊಂದು, ಮೆಕ್ಕೆಜೋಳ. ನಮ್ಮಲ್ಲಿ ಅದನ್ನು ಸುಟ್ಟು ತಿನ್ನುತ್ತಾರೆ, ದನಕ್ಕೆ ಹಾಕುತ್ತಾರೆ. ತಾತ ಹಿಟ್ಟು ಮಾಡಿಸಿ, ಗಟ್ಟಿಯಾಗಿ ಕುದಿಸಿ, ಮರದ ಹಲಗೆಯ ಮೇಲೆ ಸುರಿದು, ಆರಿದ ಮೇಲೆ ನೂಲಿನಿಂದ ಕೊಯ್ಯುತ್ತಿದ್ದರು. ಚಾಕು ಹಾಕುತ್ತಿರಲಿಲ್ಲ. ನೂಲಿನ ಎರಡು ತುದಿ ಹಿಡಿದು ಕೆಳಗಿನಿಂದ ಎಳೆದರೆ ತುಂಡು ನೀಟಾಗಿ ಬಿಡುತ್ತಿತ್ತು. ನನಗೂ ಒಂದು ಕೊಡುತ್ತಿದ್ದರು. ರುಚಿ ಎಂದು ಏನೂ ಇರಲಿಲ್ಲ. ಮಾರ್ಗಳಿ ತಿಂಗಳ ಚಳಿಗೆ ಮನೆ ಬಿಟ್ಟು ದನದ ಕೊಟ್ಟಿಗೆಯಲ್ಲಿ ಮಲಗುತ್ತಿದ್ದರು. ದನದ ಉಸಿರಿನಷ್ಟು ಬೆಚ್ಚಗಿನ ಕಂಬಳಿ ಯಾವ ಅಂಗಡಿಯಲ್ಲೂ ಸಿಗದು ಎನ್ನುತ್ತಿದ್ದರು.

ಇನ್ನು ಸೀರೆಯ ವಿಷಯ.

ನಮ್ಮ ಮನೆಗಳಲ್ಲಿ ತೀರಿಹೋದ ಹೆಂಗಸರಿಗೆ ಪೊಂಗಲಿನ ಹಿಂದಿನ ದಿನ ಎಡೆ ಇಡುತ್ತೇವೆ. ಒಳಮನೆಯಲ್ಲಿ ತೊಲೆಗೆ ತಾಳೆಗರಿಯಲ್ಲಿ ಹೆಣೆದ ಒಂದು ಓಲೆಪೆಟ್ಟಿ ತೂಗುಹಾಕಿರುತ್ತದೆ. ಅದರಲ್ಲಿ ಅವರವರ ಹೆಸರಿಗೆ ಹೊಸ ಸೀರೆ ಇಟ್ಟು, ಮುಂದೆ ಎಲೆ ಹಾಕಿ ಬಡಿಸಿ, ಹೋದ ವರ್ಷದ ಸೀರೆಯನ್ನು ತೆಗೆದು ಮನೆಯ ಹೆಂಗಸರು ಉಡುತ್ತಾರೆ. ಪೆಟ್ಟಿಯಲ್ಲಿರುವವರೇ ನಮಗೆ ಮನೆಸಾಮಿ. ಮಗುವಿಗೆ ಜ್ವರ ಬಂದರೂ, ಹಸು ಕರು ಹಾಕಲು ಕಷ್ಟಪಟ್ಟರೂ ಮೊದಲು ಅವರಿಗೇ ದೀಪ. ಆ ಮನೆಯಲ್ಲಿ ಹುಟ್ಟಿದವರಿಗೆ, ಆ ಮನೆಗೆ ಮದುವೆಯಾಗಿ ಬಂದವರಿಗೆ ಮಾತ್ರ ಪೆಟ್ಟಿಯಲ್ಲಿ ಜಾಗ. ಮತ್ತೆ ಯಾರಿಗೂ ಇಲ್ಲ.

ತಾತನ ಅವ್ವ ತೀರಿಹೋದ ಮೇಲೆ ಬಂದ ಮೊದಲ ಪೊಂಗಲಿಗೆ ತಾತ ತೇನಿಗೆ ಹೋಗಿ ಎರಡು ಸೀರೆ ತಂದರಂತೆ. ಒಂದು ಅವ್ವನಿಗೆ, ಅರಿಸಿನ ಬಣ್ಣದ್ದು. ಇನ್ನೊಂದು ಕರಿಯದು, ಅಂಚೂ ಇಲ್ಲ. ನಾನಿನ್ನೂ ಹುಟ್ಟಿರಲಿಲ್ಲ. ಈ ಮಾತನ್ನು ದೊಡ್ಡಜ್ಜಿಯ ಬಾಯಿಂದ ಎಷ್ಟು ಸಲ ಕೇಳಿದ್ದೇನೆಂದರೆ, ಅಲ್ಲೇ ಕಂಬಕ್ಕೆ ಒರಗಿ ನಿಂತು ನೋಡಿದಂತಿದೆ.

"ಇದ್ಯಾರ್ಗೆ?" ಎಂದು ದೊಡ್ಡಜ್ಜಿ ಕೇಳಿದರು.

"ಒಬ್ಬ ಎಂಗ್ಸಿಗೆ."

"ಎಲ್ಲಿಯೋಳು?"

"ಇಟಲಿ ದೇಸದೋಳು. ಪಟ್ಟಾಳದಾಗೆ ಇರೋವಾಗ."

ಸುತ್ತ ಕೂತ ಗಂಡಸರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನನ್ನ ಸ್ವಂತ ತಾತ ಬಾಯಿ ತೆರೆದ. "ಮುಂಚೇನೆ ಏಳಿದ್ರೆ ಕಪ್ಪಲೇರಿ ಓಗಿ ತಾಲಿ ಕಟ್ಟಿಸ್ಕೊಂಡು ಬರ್ತಿದ್ವಲ್ಲಣ್ಣಾ. ನಾವೇನ್ ಬ್ಯಾಡ ಅಂತಿದ್ವಾ?"

ಎಲ್ಲರೂ ನಕ್ಕರು. ದೊಡ್ಡಜ್ಜಿಗೆ ಆಗ ಮೂರು ಮಕ್ಕಳು, ನಾಲ್ಕನೆಯದು ಹೊಟ್ಟೆಯಲ್ಲಿ. "ಓಹೋ, ಅದ್ಕೇನಾ ಮಕ್ಕಚೋಳ ಮಕ್ಕಚೋಳ ಅಂತ ಸಾಯ್ತಿದ್ದದ್ದು" ಎಂದಷ್ಟೇ ಹೇಳಿದರು. ಪೆಟ್ಟಿಗೆ ಸೀರೆ ಇಡುವುದೆಂದರೆ ಈ ಮನೆಯ ಸೊಸೆ ಎಂದು ಒಪ್ಪಿಕೊಂಡಂತೆ. ಅದಕ್ಕೆ ಬೇರೆ ಅರ್ಥ ನಮ್ಮಲ್ಲಿ ಯಾರಿಗೂ ತೋಚುವುದಿಲ್ಲ. ತಾತನಿಗೂ ಅದು ಗೊತ್ತಿರಬೇಕಿತ್ತು. ಎಲ್ಲರೂ ಅವರ ಮಾತಿಗೆ ಕಾದರು. ಅವರು ಎದ್ದು ಹೋಗಿ ಎತ್ತಿಗೆ ಹುಲ್ಲು ಹಾಕಿದರು.

ಮರುದಿನ ದೊಡ್ಡಜ್ಜಿ ಆ ಕರಿ ಸೀರೆಯನ್ನು ತೋಟಕ್ಕೆ ಒಯ್ದು, ದ್ರಾಕ್ಷಿ ಚಪ್ಪರದ ಬದಿಯಲ್ಲಿ ಎರಡು ಕಂಬಗಳಿಗೆ ಅಗಲವಾಗಿ ಬಿಗಿದರು. ಹಣ್ಣಿನ ಕಾಲದಲ್ಲಿ ಹಕ್ಕಿ ಬರದಂತೆ ನಮ್ಮ ಕಡೆ ಹಳೆ ಸೀರೆ ಕಟ್ಟುತ್ತಾರೆ. "ಗಂಡನ್ನ ಇಡ್ಕೊಂಡೋಳು ತೋಟಾನೂ ಕಾಯ್ಲಿ" ಎಂದರಂತೆ. ತಾತ ಬಿಚ್ಚಲಿಲ್ಲ. ಬರುವ ಪೊಂಗಲಿಗೆ ಮತ್ತೆ ಒಂದು ಕರಿ ಸೀರೆ ತಂದು ಪೆಟ್ಟಿಯ ಕೆಳಗಿಟ್ಟರು. ದೊಡ್ಡಜ್ಜಿ ಮತ್ತೆ ತೋಟಕ್ಕೆ ಒಯ್ದರು. ಹೀಗೆ ವರ್ಷಾವರ್ಷ. ನಾನು ಚಿಕ್ಕವಳಿದ್ದಾಗ ನಮ್ಮ ತೋಟಗಳಲ್ಲಿ ಹೊಸ ಸೀರೆಗೆ ಹೆದರುವ ಭಾಗ್ಯ ಇದ್ದದ್ದು ತಾತನ ತೋಟದ ಹಕ್ಕಿಗಳಿಗೆ ಮಾತ್ರ. ಮಧ್ಯಾಹ್ನದ ಊಟಕ್ಕೆ ತಾತ ಆ ಸೀರೆಯ ನೆರಳಿನಲ್ಲೇ ಕೂರುತ್ತಿದ್ದರು.

ಅಲ್ಲೇ ಒಂದು ದಿನ ನಾನು ಕೇಳಿಬಿಟ್ಟೆ. "ತಾತ, ಆಯಮ್ಮ ಎಂಗಿದ್ಲು, ಚೆಂದಿದ್ಲಾ?" ತಾತ ನೂಲಿನಿಂದ ತುಂಡು ಕೊಯ್ಯುತ್ತಿದ್ದವರು ನಕ್ಕರು. ಅವರು ನಕ್ಕದ್ದನ್ನು ನಾನು ನೋಡಿದ್ದು ಕಡಿಮೆ. "ಬಾಯಾಗೆ ಮುಂದಿನ್ ಅಲ್ಲೇ ಇರ್ಲಿಲ್ಲ ತಾಯಿ. ನಮ್ಮವ್ವಂಗಿಂತ ಮುದ್ಕಿ."

ಆಮೇಲೆ ಹೇಳುತ್ತಾ ಹೋದರು, ಒಂದೇ ದಿನ ಅಲ್ಲ, ಆ ದ್ರಾಕ್ಷಿಯ ಕಾಲ ಮುಗಿಯುವ ತನಕ. ಎರಡನೆಯ ಮಹಾಯುದ್ಧದಲ್ಲಿ ಇಂಗ್ಲಿಷ್ ಪಟ್ಟಾಳದ ಸಿಪಾಯಿಯಾಗಿ ಹೋಗಿ, ಆಫ್ರಿಕಾದ ಮರಳಿನಲ್ಲಿ ಸೆರೆಸಿಕ್ಕು, ಇಟಲಿಯ ಬೆಟ್ಟದ ಬುಡದ ಕ್ಯಾಂಪಿನಲ್ಲಿದ್ದರು. ಇಟಲಿಯವರು ಯುದ್ಧ ಕೈಬಿಟ್ಟಾಗ ಕಾವಲಿನವರು ಓಡಿಹೋದರು. ಜರ್ಮನರು ಬರುವ ಮುಂಚೆ ಕೈದಿಗಳು ಬೆಟ್ಟ ಹತ್ತಿದರು. ತಾತ ಒಬ್ಬರೇ ಉಳಿದು, ಚಳಿಗೆ ತಾಳಲಾರದೆ ಒಂದು ಮನೆಯ ಕೊಟ್ಟಿಗೆ ಹೊಕ್ಕರು. ಅಲ್ಲಿ ಕೆಳಗೆ ದನ, ಮೇಲೆ ಜನ. ಬೆಳಗ್ಗೆ ಹುಲ್ಲು ಹಾಕಲು ಬಂದ ಮುದುಕಿ, ಎತ್ತುಗಳ ನಡುವೆ ಕರಿಯ ಮನುಷ್ಯನೊಬ್ಬ ಮಲಗಿದ್ದನ್ನು ನೋಡಿದಳು. ಕೂಗಲಿಲ್ಲ. ನೀರಿನ ತಂಬಿಗೆ ತಂದು ಕೈಗೆ ಕೊಟ್ಟಳು. ತಾತ ಬೊಗಸೆ ಒಡ್ಡಿದರೆ ಅವಳಿಗೆ ಅದು ಏನೆಂದೇ ತಿಳಿಯಲಿಲ್ಲ. ಕೈ ಬಿಡಿಸಿ ತಂಬಿಗೆ ಹಿಡಿಸಿದಳು.

ಕೈದಿಗಳನ್ನು ಇಟ್ಟುಕೊಂಡವರ ಮನೆ ಸುಡುತ್ತೇವೆ, ಗಂಡಸರನ್ನು ಗೋಡೆಗೆ ನಿಲ್ಲಿಸುತ್ತೇವೆ ಎಂದು ಜರ್ಮನರು ಊರಿನಲ್ಲಿ ಕಾಗದ ಅಂಟಿಸಿದ್ದರು. ಮುದುಕಿಯ ಮನೆಯಲ್ಲಿ ಗಂಡಸರೇ ಇರಲಿಲ್ಲ. ಮಗ ಒಬ್ಬನೇ, ಅವನನ್ನೂ ಇಂಗ್ಲಿಷಿನವರು ಹಿಡಿದು ಹಡಗಿನಲ್ಲಿ ಇಂಡಿಯಾಕ್ಕೆ ಕಳಿಸಿದ್ದರು. ಅವನ ಪಟ ತಂದು ತೋರಿಸಿದಳು. ಎಳೆ ಹುಡುಗ, ಕಿವಿಗಳು ಮಡಕೆಯ ಹಿಡಿಗಳಂತೆ ಹೊರಗೆ ನಿಂತಿದ್ದವು. ತಾತ ಕ್ಯಾಂಪಿನಲ್ಲಿ ಅವರ ಮಾತನ್ನು ಅಷ್ಟಿಷ್ಟು ಕಲಿತಿದ್ದರು. ನೀನು ಇಂಡಿಯಾದವನಲ್ಲವೇ, ನನ್ನ ಮಗನಿಗೆ ಅಲ್ಲಿ ಯಾರು ಊಟ ಹಾಕುತ್ತಾರೆ ಎಂದು ಅವಳು ಕೇಳಿದಳು.

"ನಾನ್ ಏನ್ ಏಳ್ಲಿ ತಾಯಿ? ನಮ್ಮವ್ವ ಆಕ್ತಾಳೆ ಅಂದ್ಬುಟ್ಟೆ."

ಅವಳು ನಂಬಿದಳು. ಅಥವಾ ನಂಬಬೇಕೆಂದು ನಂಬಿದಳು. ಅವತ್ತಿನಿಂದ ಹಲಗೆಯ ಮೇಲೆ ಮೆಕ್ಕೆಜೋಳದ ಮುದ್ದೆ ಸುರಿದು, ನೂಲು ಎಳೆಯುತ್ತಾ ದಿನಾ ಕೇಳುವಳು: ಇವತ್ತು ನಿಮ್ಮಮ್ಮ ನನ್ನ ಮಗನಿಗೆ ಏನು ಮಾಡಿರುತ್ತಾಳೆ? ತಾತ ಹೇಳುವರು, ಇವತ್ತು ಸಜ್ಜೆ ಗಂಜಿ, ಈರುಳ್ಳಿ. ಇವತ್ತು ಅವರೆಕಾಳು ಸಾರು, ಬಿಸಿ ಅನ್ನ. ಇವತ್ತು ಹಬ್ಬ, ದೋಸೆ, ಕೋಳಿ ಸಾರು. ಅವನಿಗೆ ಖಾರ ಆಗುವುದಿಲ್ಲವೇ ಎಂದು ಅವಳು. ಅವನಿಗೆ ಬೇರೆ ತೆಗೆದಿಟ್ಟು ಆಮೇಲೆ ಖಾರ ಹಾಕುತ್ತಾಳೆ ಎಂದು ಇವರು. ಮುದುಕಿ ತಲೆಯಾಡಿಸಿ, ದೊಡ್ಡ ತುಂಡನ್ನು ಇವರ ಕಡೆ ತಳ್ಳುವಳು. ಜರ್ಮನರು ಹುಡುಕಿಕೊಂಡು ಬಂದ ದಿನ ಇವರನ್ನು ಗೋದಲಿಯ ಹುಲ್ಲಿನಡಿ ಮಲಗಿಸಿ, ಮೇಲೆ ಎತ್ತಿಗೆ ಮೇವು ಸುರಿದು, ಬಂದವರ ಮೇಲೇ ರೇಗಿದಳಂತೆ, ಕೊಟ್ಟಿಗೆಗೆ ಬೂಟು ಹಾಕಿಕೊಂಡು ಬಂದಿರಿ ಎಂದು.

ಬೇಸಗೆಯ ಹೊತ್ತಿಗೆ ಇಂಗ್ಲಿಷ್ ಪಟ್ಟಾಳ ಹತ್ತಿರ ಬಂತು. ತಾತ ಹೊರಟರು. ಬಿಟ್ಟು ಬಂದ ಆ ಊರಿನ ಮನೆಗಳಿಗೆ ಜರ್ಮನರು ಬೆಂಕಿ ಹಾಕಿದರೆಂದು ದಾರಿಯಲ್ಲಿ ಒಬ್ಬ ಹೇಳಿದ. ಯಾವ ಮನೆ, ಯಾರು ಉಳಿದರು, ತಿಳಿಯಲಿಲ್ಲ. ಅವಳ ಹೆಸರೂ ತಾತನಿಗೆ ಗೊತ್ತಿರಲಿಲ್ಲ. ಅವ್ವಾ ಎಂದೇ ಕರೆಯುತ್ತಿದ್ದರು, ಅವಳು ಓ ಎನ್ನುತ್ತಿದ್ದಳು.

ಯುದ್ಧ ಮುಗಿದು ಊರಿಗೆ ಬಂದ ದಿನ ಅವರ ಅವ್ವ ಮಗನನ್ನು ಕೂರಿಸಿ ದೋಸೆ ಹಾಕಿದಳು. ಹಾಕುತ್ತಾ ಅಳುತ್ತಿದ್ದಳು, ಅಳುತ್ತಾ ಸುದ್ದಿ ಹೇಳುತ್ತಿದ್ದಳು. "ನೀನೊಬ್ನೇ ಅಲ್ಲ ಮಗಾ, ನಾವೂ ಯುದ್ದ ಮಾಡಿದ್ವಿ. ಒಬ್ಬ ಬೆಳ್ಳಕಾರನ್ನ ಇಡ್ದು ಕೊಟ್ವಿ."

"ಎಂಗವ್ವಾ?"

"ಇಟಲಿ ಕೈದಿಯಂತೆ, ಎಲ್ಲಿಂದ್ಲೋ ತಪ್ಪಿಸ್ಕೊಂಡು ಮಲೆಯಿಂದ ಇಳ್ದು ಬಂದವ್ನೆ. ನಮ್ ಕೊಟ್ಗೇಲಿ, ಕರುಗಳ ನಡುವ್ಲೆ ಮಲ್ಗಿದ್ದ. ಬಾಯಿಗೆ ಕೈ ತೋರಿಸ್ದ. ಕೈಗೆ ನೀರು ಉಯ್ದೆ. ಚೊಂಬು ಕೊಡಕ್ಕಾತದಾ? ಕುಂತ್ಕೋ ಅಂತ ಕೈ ಮಾಡ್ದೆ, ಕುಂತ. ಕೂಳು ತರಕ್ಕೋದ್ಲು ಅಂದ್ಕೊಂಡ್ನೋ ಏನೋ, ಬಾಗ್ಲಿಗೆ ಚಿಲ್ಕ ಆಕಿದ್ರೂ ಸದ್ದು ಮಾಡ್ಲಿಲ್ಲ. ಗಂಡಸ್ರು ಅಗ್ಗ ತಂದು ಕಟ್ಟೋವಾಗ್ಲೂ ನನ್ ಕೈನೇ ನೋಡ್ತಿದ್ದ, ಕೈಯಾಗೆ ತಟ್ಟೆ ಐತಾ ಅಂತ."

"ಅವ್ನ ಕಿವಿ ಎಂಗಿತ್ತವ್ವಾ? ಅಗಲಕ್ಕೆ ನಿಂತಿತ್ತಾ?"

"ಕಿವಿ ಯಾರ್ ಕಂಡ್ರು? ಪುಕ್ಕ ಕಿತ್ತ ಕೋಳಿ ತರ ಇದ್ದ."

"ಯಾಕವ್ವಾ ಇಡ್ದು ಕೊಟ್ಟೆ?"

"ಯಾಕಾ? ನನ್ ಮಗನ್ನ ಕಟ್ಟಾಕಿದ್ದೋರು ಅವ್ರೇ ತಾನೆ. ನಿಂಗೆ ಒಂದ್ ತುತ್ತು ಇಟ್ಟಿರ್ತಾರಾ ಅವ್ರು?"

ಇದನ್ನು ಹೇಳಿ ತಾತ ಊಟದ ಡಬ್ಬಿಯ ಮುಚ್ಚಳ ಹಾಕಿದರು. "ಇಟ್ರವ್ವಾ ಅಂತ ಬಾಯ್ ತುದಿಗೆ ಬಂತು ತಾಯಿ. ಅಷ್ಟ್ರಾಗೆ ಇನ್ನೊಂದ್ ದೋಸೆ ಆಕಿದ್ಲು." ಆ ಹುಡುಗ ಮುದುಕಿಯ ಮಗನೇ ಆಗಿದ್ದನೆಂದು ತಾತ ಎಂದೂ ಹೇಳಲಿಲ್ಲ. ಎಷ್ಟೋ ಸಾವಿರ ಕೈದಿಗಳಲ್ಲಿ ಅವನೇ ಯಾಕಾಗಿರಬೇಕು ಎಂದು ನಾನೂ ಅಂದೆ. "ಅವ್ನೇ ಆಗ್ಬೇಕಾ? ಯಾರ್ದೋ ಮಗ ತಾನೆ" ಎಂದರು.

ದೊಡ್ಡಜ್ಜಿಗಾದರೂ ಹೇಳಬಹುದಿತ್ತಲ್ಲ ಎಂದು ಕೇಳಿದೆ. ಇಷ್ಟು ವರ್ಷ ಇಲ್ಲದ ಸವತಿಯ ಮೇಲೆ ಅವರು ಉರಿಯುತ್ತಿದ್ದರು. ತಾತ ಹೇಳಿದ ಮಾತು ನನಗೆ ಹಾಗೇ ನೆನಪಿದೆ. "ಆ ಎಂಗ್ಸು ದೂರ ಅವ್ಳೆ, ಇವ್ಳ ಕೋಪ ತಟ್ಟಾಕಿಲ್ಲ. ನಮ್ಮವ್ವ ಇದೇ ಮನೆ ಪೆಟ್ಟೀಲಿ ಅವ್ಳೆ. ಸಾಮಿ ಆದೋಳ ಮೇಲೆ ನಾನ್ ಎಂಗ್ ಏಳ್ಲಿ?"

ತಾತ ತೀರಿಕೊಂಡು ಹದಿನಾರನೆಯ ದಿನದ ಕೆಲಸ ಮುಗಿದ ಮೇಲೆ, ನಾನು ಗೋಡೆಯಾಚೆ ಹೋಗಿ ದೊಡ್ಡಜ್ಜಿಗೆ ಎಲ್ಲವನ್ನೂ ಹೇಳಿದೆ. ಅವರು ಹುಣಿಸೆಹಣ್ಣಿನ ಬೀಜ ತೆಗೆಯುತ್ತಿದ್ದರು. ಕೈ ನಿಲ್ಲಿಸಲಿಲ್ಲ. ಅತ್ತೆ ಬಿಳಿಯನನ್ನು ಹಿಡಿದುಕೊಟ್ಟ ಕಥೆ ಅವರಿಗೂ ಗೊತ್ತಿತ್ತು. ಅತ್ತೆಯೇ ಎಲ್ಲರಿಗೂ ಹೇಳಿಕೊಂಡು ಸತ್ತವಳು. ಎರಡನ್ನೂ ಅವರು ಎಂದೂ ಒಂದು ಕಡೆ ಇಟ್ಟು ನೋಡಿರಲಿಲ್ಲ.

"ಅಂದ್ರೆ ಯಾರೂ ಇರ್ಲಿಲ್ಲ" ಎಂದರು.

"ಇರ್ಲಿಲ್ಲ ಅಜ್ಜಿ."

"ಸವ್ತಿ ಅಂದ್ರೆ ಬಯ್ಬೌದು. ಗಂಡಂಗೆ ಕೂಳಿಟ್ಟ ಈವಮ್ಮನ್ನ ನಾನ್ ಏನ್ ಮಾಡ್ಲಿ?" ಇನ್ನೊಂದು ಬೀಜ ತೆಗೆದು, "ಎದ್ರಿಗೆ ಕುಂತು ಒಂದಿನ ಏಳಿದ್ರೆ ನಾನೂ ಎದ್ರಿಗೆ ಕುಂತು ಕೂಳಿಡ್ತಿದ್ದೆ ತಾನೆ" ಎಂದರು. ಅದು ತಾತನಿಗೆ ಹೇಳಿದ್ದು, ನನಗಲ್ಲ. ಆಮೇಲೆ ನನ್ನ ಕೈ ಹಿಡಿದರು. ಹುಣಿಸೆಯ ಅಂಟು ಅಂಟು ಕೈ. "ಯಾರ್ಗೂ ಏಳ್ಬ್ಯಾಡ ತಾಯಿ. ಪೆಟ್ಟೀಲಿರೋಳು ನಾಳೆ ನನ್ ಮೊಮ್ಮಕ್ಕಳ್ನ ಕಾಯ್ಬೇಕು."

ಆ ವರ್ಷ ಪೊಂಗಲಿಗೆ ಸೀರೆ ತರುವವರು ಯಾರೂ ಇರಲಿಲ್ಲ. ದೊಡ್ಡಜ್ಜಿ ನನ್ನನ್ನು ಕರೆದು, "ತೇನಿಗೋದ್ರೆ ಕರಿ ಸೀಲೆ ಒಂದ್ ತಾ, ಅಂಚಿಲ್ದಿರೋದು" ಎಂದರು. ತಂದುಕೊಟ್ಟೆ. ಪೆಟ್ಟಿಯ ಕಡೆ ತಲೆ ಎತ್ತಿಯೂ ನೋಡದೆ ತೋಟಕ್ಕೆ ನಡೆದು, ಅದೇ ಎರಡು ಕಂಬಗಳಿಗೆ ಕಟ್ಟಿಸಿದರು. ಬದುಕಿರುವ ತನಕ ಹಾಗೇ ಮಾಡಿದರು. ಯಾರಾದರೂ ಕೇಳಿದರೆ, "ನನ್ ಸವ್ತಿ, ತೋಟ ಕಾಯ್ತಾಳೆ" ಎನ್ನುವುದನ್ನು ಮಾತ್ರ ಬಿಡಲಿಲ್ಲ. ಅದನ್ನು ಕೇಳಿಯೇ ಮೊಮ್ಮಕ್ಕಳು ಬೆಳೆದರು. ನಮ್ಮ ಕಾಲದಲ್ಲಿ ಗುಸುಗುಸು ಆಗಿದ್ದದ್ದು ಅವರ ಕಾಲದಲ್ಲಿ ಹೆಮ್ಮೆಯಾಯಿತು. ಪರದೇಶದ ಅಜ್ಜಿ ಎಷ್ಟು ಮನೆಗಳಲ್ಲಿ ಉಂಟು?

ಹೋದ ಮಳೆಗಾಲದಲ್ಲಿ ದೊಡ್ಡಜ್ಜಿ ತೀರಿಕೊಂಡರು. ಈ ಪೊಂಗಲಿಗೆ ದಿಂಡಿಗಲ್ಲಿನ ಮೊಮ್ಮಗ ಕಾರು ಮಾಡಿಕೊಂಡು ಬಂದ. ಪೆಟ್ಟಿ ಇಳಿಸಿದರು. ಮೊದಲು ಹಿರಿಯಜ್ಜಿಗೆ, ಅಂದರೆ ತಾತನ ಅವ್ವನಿಗೆ, ಅರಿಸಿನ ಬಣ್ಣದ್ದು. ನಂತರ ದೊಡ್ಡಜ್ಜಿಗೆ ಹಸಿರು. ಮೂರನೆಯದು ಕೆಂಪು ರೇಷ್ಮೆ, ಅಂಗೈಯಗಲದ ಜರಿ, ಮದುವೆಯ ಸೀರೆ.

"ಇದು ಇಟಲಿ ಅಜ್ಜಿಗೆ ಅಕ್ಕಾ" ಎಂದು ನನಗೆ ತೋರಿಸಿದ. "ಪಾವಂ, ತಾಲಿ ಇಲ್ದೆ ಇದ್ದೋಳು. ಅದ್ಕೇ ಕೂರೆಸೀಲೆ. ಆಮೇಲೆ ಅವ್ಳ ಎಸ್ರು ಏನಂತ ನಿಂಗ್ ಗೊತ್ತಿರ್ತದಲ್ಲ? ಬರೋ ವರ್ಷ ಫ್ಲೆಕ್ಸಿಗೆ ಬೇಕು."

"ಗೊತ್ತಿಲ್ಲ" ಎಂದೆ. ಅದು ನಿಜವೇ.

ಸೀರೆಗಳನ್ನು ಮಡಿಸಿ ಒಂದರ ಮೇಲೊಂದು ಇಟ್ಟರು. ಮೂರೂ ಒಂದೇ ಪೆಟ್ಟಿಯೊಳಗೆ. ಬಾಗಿಲಿಗೆ ಚಿಲಕ ಹಾಕಿದವಳು ಎಲ್ಲಕ್ಕಿಂತ ಕೆಳಗೆ, ಗೋದಲಿಯಲ್ಲಿ ಬಚ್ಚಿಟ್ಟವಳು ಎಲ್ಲಕ್ಕಿಂತ ಮೇಲೆ, ಯಾವ ಮದುವೆಯನ್ನೂ ಕಾಣದ ಮದುವೆಯ ಸೀರೆಯಲ್ಲಿ. ತಾತ ಅಷ್ಟು ವರ್ಷ ಬೇಡಿದ ಜಾಗ ಅವಳಿಗೆ ಕೊನೆಗೆ ಸಿಕ್ಕಿತು. ಹೀಗೆ ಸಿಕ್ಕಿತು.

ಮುಂದೆ ಮೂರು ಬಾಳೆ ಎಲೆ ಹಾಕಿ ಬಡಿಸಿದರು. ಮೂರನೆಯ ಎಲೆಗೆ ಕೇಕ್ ಕೂಡ ಇಟ್ಟಿದ್ದರು. ಎಲೆಗಳಿಗೆ ನೀರು ಇಡುವುದು ಮನೆಯಲ್ಲಿ ಹುಟ್ಟಿದ ಹೆಣ್ಣಿನ ಕೆಲಸ, ಹಿರಿಯಳೆಂದು ಚೊಂಬುಗಳನ್ನು ನನ್ನ ಮುಂದೆ ತಳ್ಳಿದರು. ದೊಡ್ಡಜ್ಜಿಯ ಎಲೆಯ ಪಕ್ಕ ಒಂದು ಚೊಂಬು ಇಟ್ಟೆ. ಇಟಲಿಯ ಅವ್ವನ ಎಲೆಯ ಪಕ್ಕ ಒಂದು ಇಟ್ಟೆ, ಕೈಗೆ ಸಿಗುವ ಹಾಗೆ. ಹಿರಿಯಜ್ಜಿಯ ಎಲೆಗೆ ಬಂದಾಗ, ಇಡಲು ಬಗ್ಗಿದವಳು ಎದ್ದು ನಿಂತೆ. ತಾತ ಇದ್ದಿದ್ದರೆ ನನ್ನ ಕೈಯಿಂದ ಚೊಂಬು ತೆಗೆದುಕೊಂಡು ಅವಳ ಎಲೆಯ ಪಕ್ಕವೂ ಇಡುತ್ತಿದ್ದರು ಎಂದು ನನಗೆ ಗೊತ್ತು. ಗೊತ್ತಿದ್ದೂ ನಿಂತಲ್ಲಿಂದಲೇ, ಮೇಲಿನಿಂದ ಹೊಯ್ದೆ.